ಕೆಂಪು ನೀರಿನ ಅಡುಗೆ

ನಮ್ಮ ಮನೆಯ ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಗೂ ಕೊತ್ತಂಬರಿ ಕಟ್ಟಿಗೂ ನಡುವೆ ಕೆಲವು ಕಾಲ ಒಂದು ಗಾಜಿನ ಬಾಟಲಿ ಬಿಡಾರ ಹೂಡಿತ್ತು. ಅದರೊಳಗಿನ ದ್ರವದ ಬಣ್ಣವನ್ನು ನಿಮಗೆ ಹೇಗೆ ಹೇಳಲಿ? ದಾಳಿಂಬೆಯ ಕಾಳೊಂದನ್ನು ಬಿಸಿಲಿಗೆ ಹಿಡಿದರೆ ಒಳಗಿನಿಂದ ಹೊಮ್ಮುವ ಕೆಂಪಿದೆಯಲ್ಲ, ಅದಕ್ಕೆ ಎಳ್ಳಷ್ಟು ಕಿತ್ತಳೆಯ ಸೋಂಕು ತಗುಲಿದಂತೆ. ಕಂಡವರ ಬಾಯಲ್ಲಿ ನೀರೂರಿಸುವ ಚೆಲುವು. ಆದ್ದರಿಂದ ಒಂದು ಮಧ್ಯಾಹ್ನ ಮನೆಗೆ ಬಂದ ಬೀಗರಿಗೆಂದು ನಮ್ಮ ಅತ್ತೆ ಅದನ್ನು ಲೋಟಗಳಿಗೆ ಬಗ್ಗಿಸಿ, ಸಕ್ಕರೆ ಕದಡಿ, ಮೇಲೆ ಐಸಿನ ತುಂಡು ತೇಲಿಬಿಟ್ಟು, ತಟ್ಟೆಯಲ್ಲಿಟ್ಟುಕೊಂಡು ಪಡಸಾಲೆಗೆ ಹೊರಟಿದ್ದರೆ ಅದು ಅವರ ಅತಿಥಿ ಸತ್ಕಾರವೇ ಹೊರತು ಅಪರಾಧವಲ್ಲ. ಆಗಷ್ಟೇ ಕಾಲೇಜಿನಿಂದ ಬಂದು ಬಾಗಿಲಲ್ಲಿ ಚಪ್ಪಲಿ ಕಳಚುತ್ತಿದ್ದ ನಾನು ಆ ಲೋಟಗಳನ್ನು ನೋಡಿ ಕಿರುಚಿದ ರೀತಿಗೆ ಬೀಗರು ಮನೆಯಲ್ಲಿ ಹಾವು ಹೊಕ್ಕಿದೆಯೆಂದು ತಿಳಿದು ಎರಡೂ ಕಾಲನ್ನು ಸೋಫಾದ ಮೇಲೆತ್ತಿಕೊಂಡರು.

"ಅತ್ತಿ, ಅದು ಶರಬತ್ತ ಅಲ್ಲರೀ! ಕೋಳಿ ಹೃದಯಕ್ಕ ಇಟ್ಟ ನೀರರೀ ಅದು!"

ಅತ್ತೆ ತಟ್ಟೆ ಹಿಡಿದ ಕೈ ಕದಲಿಸದೆ ನಿಂತರು. ಮೂರು ತಲೆಮಾರಿನಿಂದ ಮೊಟ್ಟೆಯೆಂಬ ಪದವನ್ನೂ ಒಳಗೆ ಬಿಟ್ಟುಕೊಳ್ಳದ ಮನೆ ನಮ್ಮದು. ಅವರು ಬೀಗರ ಮುಖ ನೋಡಿದರು, ಲೋಟ ನೋಡಿದರು, ಕೊನೆಗೆ ನನ್ನನ್ನು ನೋಡಿ, "ಕೋಳಿ ಊಟ ನನ್ನ ಫ್ರಿಜ್ಜಿನ್ಯಾಗ ಯಾಕ ಬಂತವಾ?" ಎಂದು ಅತ್ಯಂತ ಶಾಂತವಾಗಿ ಕೇಳಿದರು. ಆ ಶಾಂತಿಗೆ ನಾನು ಹೆದರಿದಷ್ಟು ಸಿಟ್ಟಿಗೆ ಎಂದೂ ಹೆದರಿಲ್ಲ.

ಅಂದು ಬೀಗರ ಮುಂದೆ ಕೊಡಲಾಗದೆ ಹೋದ ಆ ಉತ್ತರವನ್ನು ಇಂದು ನಿಮ್ಮೆದುರು ಸಾವಕಾಶವಾಗಿ ಬಿಡಿಸುತ್ತೇನೆ, ಕೇಳಿ.

ನಾನು ಮುದ್ದೇಬಿಹಾಳದ ಒಂದು ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ಮನೆ ಇರುವುದು ಬಸವನ ಬಾಗೇವಾಡಿಯಲ್ಲಿ, ಯಜಮಾನರು ಗಣಿತ ಕಲಿಸುವುದು ಸಿಂದಗಿಯ ಹೈಸ್ಕೂಲಿನಲ್ಲಿ, ತವರು ಇಂಡಿಯಲ್ಲಿ. ಹೀಗೆ ನಾಲ್ಕು ತಾಲೂಕುಗಳ ನಡುವೆ ಹರಿದು ಹಂಚಿಹೋದ ನನ್ನ ಸಂಸಾರವನ್ನು ಕೆಂಪು ಬಸ್ಸುಗಳು ಹೇಗೋ ಹೊಲಿದು ಒಟ್ಟಿಗಿಟ್ಟಿವೆ. ಬಸ್ಸಿನ ಕಿಟಕಿಯಲ್ಲಿ ಜೋಳದ ಹೊಲಗಳು ಹಸಿರಾಗಿ, ಹಾಲುದುಂಬಿ, ಒಣಗಿ, ಕೊಯ್ಲಾಗಿ ಮತ್ತೆ ಕರಿನೆಲವಾಗುವುದನ್ನು ನೋಡುತ್ತ ನೋಡುತ್ತ ನನ್ನ ಕೂದಲು ಬೆಳ್ಳಗಾಗಿದೆ. ಇಷ್ಟು ವರ್ಷಗಳಲ್ಲಿ ನಾನು ತರಗತಿಯಲ್ಲಿ ಏನೆಲ್ಲ ಹೇಳಿಲ್ಲ! ಸಾಗರದ ತಳದ ಮೀನುಗಳ ವಿಷಯ ಹೇಳಿದ್ದೇನೆ, ಹಿಮಕರಡಿಯ ಕೊಬ್ಬಿನ ಬಗ್ಗೆ ಹೇಳಿದ್ದೇನೆ. ನಾನು ಸಮುದ್ರವನ್ನು ಕಂಡದ್ದು ಒಂದೇ ಒಂದು ಸಲ, ಅದೂ ದಡದಲ್ಲಿ ನಿಂತು ಸೀರೆ ನೆನೆಯದಂತೆ.

ದೀಪಾವಳಿ ರಜೆ ಮುಗಿದ ಮೇಲೆ ಒಂದು ದಿನ ಹೃದಯದ ಪಾಠ ನಡೆದಿತ್ತು. ಹೃದಯದ ಸ್ನಾಯುಕೋಶಕ್ಕೆ ಬಡಿಯಲು ಮಿದುಳಿನ ಅಪ್ಪಣೆ ಬೇಡ, ಕೋಳಿಯ ಭ್ರೂಣದಿಂದ ಬಿಡಿಸಿ ಸರಿಯಾದ ಪೋಷಕ ದ್ರವದಲ್ಲಿಟ್ಟರೆ ಒಂದೊಂದು ಕೋಶವೂ ಗಾಜಿನ ತಟ್ಟೆಯಲ್ಲಿ ತನ್ನಷ್ಟಕ್ಕೆ ತಾನೇ ಮಿಡಿಯುತ್ತದೆ ಎಂದು, ಪ್ರತಿ ವರ್ಷ ಹೇಳುವಂತೆ ಹೇಳಿ, ಪ್ರತಿ ವರ್ಷ ಬಿಡಿಸುವಂತೆ ಬೋರ್ಡಿನ ಮೇಲೊಂದು ಚಿತ್ರ ಬಿಡಿಸಿದೆ. ಮುಂದಿನ ಬೆಂಚಿನ ಭಾಗ್ಯಶ್ರೀ ಎಂಬ ಹುಡುಗಿ ಎದ್ದು ನಿಂತಳು. ಅವಳದು ಕುಚೋದ್ಯವಲ್ಲ, ನಿಜವಾದ ಕುತೂಹಲ.

"ಅದು ಬಡಿಯೋದನ್ನ ನೀವು ನೋಡೀರೇನ್ರಿ ಮೇಡಂ?"

ಇಲ್ಲ ಎಂದೆ. ಹೇಳಿದ ಮೇಲೆ ಆ ಚಿಕ್ಕ ಪದ ನನ್ನ ಕಿವಿಗೇ ಖಾಲಿ ಕೊಡದಂತೆ ಕೇಳಿಸಿತು. ಇಷ್ಟೂ ವರ್ಷ ಕಾಣದ್ದನ್ನು ಕಂಡವಳ ಗತ್ತಿನಲ್ಲಿ ಬಿಡಿಸುತ್ತ ಬಂದಿದ್ದೆನಲ್ಲ ಎನ್ನಿಸಿ, ಮುಂದಿನ ಮಾತು ಬುದ್ಧಿಯನ್ನು ಕೇಳದೆಯೇ ಬಾಯಿಂದ ಹೊರಬಿತ್ತು: "ಈ ವರ್ಷ ನೋಡತೇನಿ. ನಿಮಗೂ ತೋರಸತೇನಿ."

ಇಡೀ ತರಗತಿ ಚಪ್ಪಾಳೆ ತಟ್ಟಿತು. ಚಪ್ಪಾಳೆಯ ಸದ್ದು ಅಡಗುವ ಮೊದಲೇ ನನಗೆ ಭಯ ಶುರುವಾಗಿತ್ತು.

ಯಾಕೆಂದರೆ, ಜೀವಕೋಶವನ್ನು ದೇಹದಿಂದ ಹೊರತಂದು ಬದುಕಿಸುವುದೆಂದರೆ ತೊಟ್ಟಿಲ ಕೂಸನ್ನು ಪರ ಊರಿನಲ್ಲಿ ಸಾಕಿದಂತೆ. ದೇಹದೊಳಗೆ ಅದಕ್ಕೆ ಬೇಕಾದ ಉಪ್ಪು, ಸಕ್ಕರೆ, ಜೀವಸತ್ವ, ಬೆಚ್ಚಗಿನ ತೇವ ಎಲ್ಲವೂ ಕೇಳದೆಯೇ ಒದಗುತ್ತವೆ. ಹೊರಗೆ ಬಂದರೆ ಅವನ್ನೆಲ್ಲ ನಾವೇ ಅಳೆದು ಸುರಿಯಬೇಕು. ಅಷ್ಟೇ ಆದರೆ ಅಡುಗೆಮನೆಯ ಯಾವ ಗೃಹಿಣಿಯೂ ಮಾಡಬಲ್ಲಳು. ನಿಜವಾದ ಕಷ್ಟವಿರುವುದು ಹುಳಿ ಮತ್ತು ಸವಳಿನ, ಎಂದರೆ ಆಮ್ಲ ಮತ್ತು ಕ್ಷಾರದ, ಸಮತೋಲದಲ್ಲಿ. ಕೋಶ ಉಂಡು ಬದುಕಿದಷ್ಟೂ ತನ್ನ ಸುತ್ತಲಿನ ನೀರನ್ನು ಹುಳಿ ಮಾಡುತ್ತ ಹೋಗುತ್ತದೆ, ಕೊನೆಗೆ ಆ ಹುಳಿಯಲ್ಲಿ ತಾನೇ ಸಾಯುತ್ತದೆ. ಆ ಹುಳಿಯನ್ನು ಹೀರಿಕೊಂಡು, ನೀರಿನ ಗುಣ ಕೆಡದಂತೆ ಹಿಡಿದು ನಿಲ್ಲಿಸುವ ವಸ್ತುವಿಗೆ ಬಫರ್ ಎನ್ನುತ್ತಾರೆ. ನಮ್ಮ ರಕ್ತದಲ್ಲಿ ಆ ಕೆಲಸ ಮಾಡುವ ಮುಖ್ಯ ವಸ್ತು ಯಾವುದು ಗೊತ್ತೇ? ಮಿರ್ಚಿ ಭಜಿಯ ಹಿಟ್ಟಿಗೆ ಚಿಟಿಕೆ ಹಾಕುತ್ತೇವಲ್ಲ, ಅದೇ ಅಡುಗೆ ಸೋಡಾ.

ಇಂಡಿಯ ಬಸ್‌ಸ್ಟ್ಯಾಂಡಿನೆದುರು ಬೇಸಿಗೆಯಲ್ಲಿ ನಿಂಬೆಸೋಡಾದ ಗಾಡಿಗಳು ಸಾಲುಗಟ್ಟುತ್ತವೆ. ಸುತ್ತ ನಿಂಬೆಯ ತೋಟಗಳಿರುವ ಊರಲ್ಲವೇ, ಹಣ್ಣು ಹಿಂಡುವುದರಲ್ಲಿ ಅಲ್ಲಿಯವರ ಕೈ ಉದಾರ. ಲೋಟದಲ್ಲಿ ಸೋಡಾ ಭುಸ್ಸೆಂದು ಉಕ್ಕಿ ಮೂಗಿಗೆ ಕಚಗುಳಿ ಇಡುತ್ತದೆ. ಕುಡಿಯದೆ ಮಾತಿಗೆ ಕುಳಿತರೆ ಗಾಳಿಯೆಲ್ಲ ಹಾರಿಹೋಗಿ ಸಪ್ಪೆಯಾಗುತ್ತದೆ. ನಮ್ಮ ಪೋಷಕ ದ್ರವದ ಸಂಕಟವೂ ಅದೇ. ಅದರಲ್ಲಿನ ಸೋಡಾ ತಕ್ಕಡಿ ಸರಿಯಾಗಿ ಹಿಡಿಯಬೇಕಾದರೆ ಮೇಲಿನ ಗಾಳಿಯಲ್ಲಿ, ಸೋಡಾದಿಂದ ಹಾರಿಹೋಗುವ ಅದೇ ಇಂಗಾಲದ ಡೈಆಕ್ಸೈಡ್ ಅನಿಲ ತುಸು ಹೆಚ್ಚೇ ಇರಬೇಕು. ದೇಹದೊಳಗೆ ಅದು ಇರುತ್ತದೆ, ಬಯಲ ಗಾಳಿಯಲ್ಲಿ ಇರುವುದಿಲ್ಲ. ದೊಡ್ಡ ಪ್ರಯೋಗಾಲಯಗಳಲ್ಲಿ ಅದಕ್ಕೆಂದೇ ಅನಿಲ ಒದಗಿಸುವ ಪೆಟ್ಟಿಗೆಗಳಿವೆ. ನಮ್ಮಲ್ಲಿದ್ದದ್ದು ಬ್ಯಾಕ್ಟೀರಿಯಾ ಬೆಳೆಸುವ ಒಂದು ಹಳೆಯ ಬಿಸಿಪೆಟ್ಟಿಗೆ, ಮತ್ತು ಪಾಂಡುರಂಗ ಸರ್.

ಪಾಂಡುರಂಗ ಸರ್ ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕರು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಹಣೆಗೆ ಗೋಪಿಚಂದನ, ಸದಾ ಇಸ್ತ್ರಿ ಮಾಡಿದ ಬಿಳಿ ಅಂಗಿ. ಅವರ ಪ್ರಯೋಗಾಲಯಕ್ಕೂ ನನ್ನದಕ್ಕೂ ನಡುವೆ ಒಂದು ಮೊಗಸಾಲೆ ಮಾತ್ರ. ಆ ಮೊಗಸಾಲೆಯನ್ನು ಅವರು ನೌಕರಿಗೆ ಸೇರಿದಂದಿನಿಂದ ದಾಟಿರಲಿಲ್ಲ. ನನ್ನ ಕಡೆಯಿಂದ ತೇಲಿಬರುವ ಫಾರ್ಮಲಿನ್ ವಾಸನೆ, ಗಾಜಿನ ಜಾಡಿಯಲ್ಲಿ ಕುಳಿತ ಕಪ್ಪೆಗಳು ಅವರಿಗೆ ಒಗ್ಗುತ್ತಿರಲಿಲ್ಲ. ನನಗೂ ಅವರ ಶಿಸ್ತು ಒಗ್ಗುತ್ತಿರಲಿಲ್ಲವೆನ್ನಿ. ನೀರು ಬೇಕೆಂದು ಹೋದರೆ ಯಾವ ನೀರು, ಎಷ್ಟು ಸಲ ಬಟ್ಟಿ ಇಳಿಸಿದ್ದು, ಯಾವ ಪಾತ್ರೆಗೆ ಎಂದು ಕೇಳಿ ಕೇಳಿ ಬಾಯಾರಿಕೆಯೇ ಹೋಗುವಂತೆ ಮಾಡುತ್ತಿದ್ದರು. ಆದರೆ ನನ್ನ ಸಂಕಟವನ್ನು ಕೇಳಿದಾಗ ಅವರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

"ನೀರು ನಾ ಮಾಡಿ ಕೊಡ್ತೀನ್ರಿ. ಆದ್ರ ತತ್ತಿ ಮಾತ್ರ ನನ್ನ ಲ್ಯಾಬಿನೊಳಗ ಬರಬಾರ್ದು ನೋಡ್ರಿ. ಮಡಿ ಅಂತಲ್ಲ, ನನಗ ಅದರ ವಾಸನಿ ಆಗಿ ಬರಂಗಿಲ್ಲ."

"ನಿಮ್ಮ ಹೊಸ್ತಿಲ ಸೈತ ಮುಟ್ಟಸಂಗಿಲ್ರಿ ಸರ್," ಎಂದೆ.

ವಿಶ್ವವಿದ್ಯಾಲಯದಲ್ಲಿರುವ ನನ್ನ ಗೆಳತಿಯೊಬ್ಬಳು ಮೀಡಿಯಂ ಎಂಬ ಪೋಷಕ ದ್ರವದ ಪುಡಿಯ ಒಂದು ಪೊಟ್ಟಣ, ಕುದುರೆಯ ರಕ್ತದಿಂದ ಬೇರ್ಪಡಿಸಿದ ಒಂದಿಷ್ಟು ಸೀರಮ್ಮು ಐಸಿನ ಪೆಟ್ಟಿಗೆಯಲ್ಲಿಟ್ಟು ಬಸ್ಸಿಗೆ ಹಾಕಿ ಕಳಿಸಿದಳು. ಕೆಲಸ ಶುರುವಾಯಿತು. ನಮ್ಮ ಕೊಳವೆಬಾವಿಯ ನೀರು ಕುದಿಸಿದ ಪಾತ್ರೆಯ ತಳಕ್ಕೆ ಸುಣ್ಣ ಬಳಿದಂತೆ ಬಿಳಿ ಪೊರೆ ಹಿಡಿಸುವಂಥದ್ದು. ಸರ್ ಅದನ್ನು ಎರಡೆರಡು ಸಲ ಬಟ್ಟಿ ಇಳಿಸಿದರು. ಪುಡಿ ಕರಗಿತು, ಸೋಡಾ ಬಿತ್ತು. ಪುಡಿಯಲ್ಲೇ ಬೆರೆತಿರುವ ಒಂದು ಬಣ್ಣ ಆ ದ್ರವದ ಮನಸ್ಸನ್ನು ಹೊರಗೆ ಹೇಳುತ್ತಿರುತ್ತದೆ. ಹುಳಿಯಾದರೆ ಹಳದಿ, ಸವಳಾದರೆ ನೇರಳೆ, ಎರಡರ ನಡುವೆ ಹದವಾಗಿದ್ದರೆ ಮಾತ್ರ ಆ ದಾಳಿಂಬೆಯ ಕೆಂಪು. ಅರಿಸಿನಕ್ಕೆ ಕ್ಷಾರ ಬೆರೆಸಿ ಕುಂಕುಮ ಮಾಡಿದ ನಮ್ಮ ಅಜ್ಜಿಯರಿಗೆ ಈ ಚಮತ್ಕಾರ ಹೊಸದೆನಿಸುತ್ತಿರಲಿಲ್ಲ. ಸರ್ ಹುಳಿ ಅಳೆಯುವ ಮೀಟರಿನ ಕಡ್ಡಿಯನ್ನು ಅದ್ದಿ, ಹನಿಹನಿಯಾಗಿ ಆಮ್ಲ ಬಿಡುತ್ತ, ಉಸಿರು ಬಿಗಿಹಿಡಿದು ಹದ ತಂದರು. ಕಾಯಿಸಿ ಶುದ್ಧಿ ಮಾಡುವಂತಿಲ್ಲ, ಜೀವಸತ್ವಗಳು ಕೆಡುತ್ತವೆ. ಆದ್ದರಿಂದ ಸೂಕ್ಷ್ಮ ರಂಧ್ರದ ಜರಡಿಯಲ್ಲಿ ಸೋಸಿ ಬಾಟಲಿಗೆ ತುಂಬಿದೆವು.

ಮೊದಲ ಅಡುಗೆ ಮರುದಿನವೇ ಕೆಟ್ಟಿತು. ಬಿಸಿಪೆಟ್ಟಿಗೆಯಲ್ಲಿ ಇಟ್ಟ ತಟ್ಟೆಯ ದ್ರವ ಬೆಳಿಗ್ಗೆ ನೇರಳೆಹಣ್ಣಿನ ರಸದಂತಾಗಿ, ಅದರಲ್ಲಿ ಮಂಜಿನಂಥ ಗಸಿ ಮೂಡಿತ್ತು.

"ಗ್ಯಾಸ್ ಹಾರಿ ಹೋಗೇದ," ಎಂದರು ಸರ್, ಹತ್ತಿರದವರನ್ನು ಕಳೆದುಕೊಂಡ ಧ್ವನಿಯಲ್ಲಿ. "ಸೋಡಾ ಒಂದೇ ಉಳದದ."

ಅನಿಲ ಹೊರಗಿನಿಂದ ತರುವ ಉಪಾಯ ನನಗೆ ಗೊತ್ತಿತ್ತು. ದಪ್ಪ ಗಾಜಿನ ಜಾಡಿಯೊಳಗೆ ತಟ್ಟೆಗಳನ್ನಿಟ್ಟು, ಪಕ್ಕದಲ್ಲೊಂದು ಮೇಣದಬತ್ತಿ ಹಚ್ಚಿ, ಅಂಚಿಗೆ ವ್ಯಾಸಲೀನು ಸವರಿ ಮುಚ್ಚಳ ಬಿಗಿಯುವುದು. ಬತ್ತಿ ಒಳಗಿನ ಗಾಳಿಯನ್ನುಂಡು ಆರಿಹೋಗುತ್ತದೆ, ನಮಗೆ ಬೇಕಾದ ಅನಿಲವನ್ನು ಬಿಟ್ಟುಹೋಗುತ್ತದೆ. ಆದರೆ ನೇರಳೆಗೆ ಹೆದರಿದ ಸರ್ ಎರಡನೆಯ ಅಡುಗೆಯಲ್ಲಿ ಸೋಡಾ ಕೈ ಬಿಗಿಹಿಡಿದು ಕಡಿಮೆ ಹಾಕಿದ್ದರಿಂದ, ಬತ್ತಿಯ ಅನಿಲ ಸೇರಿ ಅದು ನಿಂಬೆಯಂತೆ ಹಳದಿಯಾಯಿತು. ಈ ನಡುವೆ ವಿದ್ಯಾರ್ಥಿಗಳಿಗೆ ಇದೊಂದು ನಿತ್ಯದ ಹಬ್ಬವಾಯಿತು. ಬೆಳಿಗ್ಗೆ ನಾನು ಬಸ್ಸಿಳಿದು ಗೇಟು ದಾಟುವಷ್ಟರಲ್ಲಿ ಯಾರಾದರೊಬ್ಬರು ಎದುರಾಗಿ, "ಇವತ್ತ ಯಾವ ಕಲರ್ ರೀ ಮೇಡಂ?" ಎನ್ನುತ್ತಿದ್ದರು. ಕಲಾ ವಿಭಾಗದ ಹುಡುಗರು ಕೂಡ ಕಿಟಕಿಯಲ್ಲಿ ಇಣುಕಿ, ನಮ್ಮ ಹಳದಿಗೆ ಮರುಗಿ ಹೋಗುತ್ತಿದ್ದರು.

ಮೂರನೆಯ ಅಡುಗೆ ಕೂಡಿಬಂತು. ಇಂದು ನೋಡಿದರೂ ಕೆಂಪು, ನಾಳೆ ನೋಡಿದರೂ ಕೆಂಪು. ಸರ್ ಮುಖದಲ್ಲಿ ಮೊಮ್ಮಗನ ಜವಳ ಮುಗಿಸಿದ ಅಜ್ಜನ ತೃಪ್ತಿ. ಕಾಲೇಜಿನ ಫ್ರಿಜ್ಜನ್ನು ರಜೆಯಲ್ಲಿ ಯಾರೋ ಆರಿಸಿ ಹೋಗುತ್ತಾರೆಂದು ಆ ಅಮೂಲ್ಯ ಬಾಟಲಿಯನ್ನು ನಾನು ಮನೆಗೊಯ್ದೆ. ಮುಂದೇನಾಯಿತೆಂಬುದು ನಿಮಗೆ ಗೊತ್ತಿದೆ. ಸಕ್ಕರೆ, ಐಸು, ಬೀಗರು.

ನಾಲ್ಕನೆಯ ಸಲ ಮಾಡಿಕೊಡಿ ಎಂದು ಕೇಳಲು ಹೋದಾಗ ಸರ್ ಬೈಯುವರೆಂದುಕೊಂಡಿದ್ದೆ. ಅವರು "ಬೀಗರು ಕುಡದ್ರೇನ್ರಿ?" ಎಂದು ಕೇಳಿದರು. ಇಲ್ಲವೆಂದೆ. "ಅಡ್ಡಿ ಇರ್ಲಿಲ್ಲರೀ. ಅದರಾಗ ಎಲ್ಲಾ ವಿಟಮಿನ್ ಅವ," ಎಂದವರೇ ನಗತೊಡಗಿದರು. ಅವರಿಗೆ ನಗಲು ಬರುತ್ತದೆಂದು ನನಗೆ ತಿಳಿದದ್ದು ಆಗಲೇ. ಮೊಗಸಾಲೆಯ ಎರಡು ಬದಿಗೆ ನಿಂತು ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ನಾಲ್ಕನೆಯ ಬಾಟಲಿಯೂ ಕೆಂಪಾಗಿ ಕೂಡಿಬಂತು. ಇನ್ನು ಮೊಟ್ಟೆ. ಅಂಗಡಿಯ ಮೊಟ್ಟೆಯಲ್ಲಿ ಮರಿಯಾಗುವ ಜೀವವಿರುವುದಿಲ್ಲ. ಕಾವಿಗೆ ಕುಳಿತ ಕೋಳಿಯ ಅಡಿಯ ಮೊಟ್ಟೆಯೇ ಬೇಕು. ಅದಕ್ಕಾಗಿ ನಾನು ಇಂಗಳೇಶ್ವರಕ್ಕೆ ಸುಜಾತಾಳ ಮನೆಗೆ ಹೋದೆ. ಸುಜಾತಾ ಹೈಸ್ಕೂಲಿನಲ್ಲಿ ನನ್ನ ಪಕ್ಕದಲ್ಲಿ ಕುಳಿತವಳು. ಈಗ ಊರಿನ ಅಂಗನವಾಡಿಯ ಟೀಚರು, ಮನೆಯಲ್ಲಿ ಐದಾರು ನಾಟಿ ಕೋಳಿಗಳ ಒಡತಿ. ಪಡಸಾಲೆಯ ಗೋಡೆಯಲ್ಲಿ ಕಣ್ಣು ಮುಚ್ಚಿ ಕುಳಿತ ಬುದ್ಧನ ಪಟ, ಅದರ ಕೆಳಗೆ ಬುಟ್ಟಿಯಲ್ಲಿ ಕಣ್ಣು ತೆರೆದು ಕುಳಿತ ಕಂದು ಕೋಳಿ. ಅದು ನನ್ನನ್ನು ನೋಡಿದ ನೋಟದಲ್ಲಿ ಸ್ವಾಗತವೇನೂ ಇರಲಿಲ್ಲ.

"ಒಂದ ತತ್ತಿ ಬೇಕಾಗಿತ್ತವಾ," ಎಂದೆ.

"ಒಯ್ದು ಏನ್ ಮಾಡ್ತಿ?"

ಮುಚ್ಚುಮರೆ ಮಾಡದೆ ಹೇಳಿದೆ. ಒಡೆಯುತ್ತೇನೆ, ಹೃದಯ ತೆಗೆಯುತ್ತೇನೆ, ಅದರ ಕೋಶಗಳನ್ನು ಬಿಡಿಸಿ ಬೆಳೆಸುತ್ತೇನೆ, ಮಕ್ಕಳಿಗೆ ತೋರಿಸುತ್ತೇನೆ. ಸುಜಾತಾ ಜೋಳ ಹಸನು ಮಾಡುತ್ತಿದ್ದ ಮೊರವನ್ನು ಕೆಳಗಿಟ್ಟಳು.

"ಕೋಳಿ ಕೊಯ್ಯೂದು ನಮ್ಮನ್ಯಾಗ ಹೊಸಾದಲ್ಲ. ಆದ್ರ ಅದು ಹೊರಗ ಬಂದು, ಬಿಸಲ ಕಂಡು, ನಾಕ ಕಾಳ ತಿಂದಿರತೈತಿ. ಇದು ಏನೂ ಕಂಡಿಲ್ಲಲ್ಲ." ಮೊರವನ್ನು ಮತ್ತೆ ಕೈಗೆತ್ತಿಕೊಂಡು ಕೇಳಿದಳು: "ನಿನ್ನ ಆ ನೀರು ಖರೇನ ಬರೋಬ್ಬರಿ ಐತೇನು?"

"ಬರೋಬ್ಬರಿ ಐತಿ."

"ಹಂಗಾದ್ರ ಒಂದ ಒಯ್ಯಿ. ಕೆಟ್ಟು ಹೋತಂದ್ರ ಎರಡನೇದು ಕೇಳಾಕ ಬರಬ್ಯಾಡ. ಮತ್ತ, ಬಡಿಯಾಕತ್ತಿತಂದ್ರ ನನ್ನ ಕರಿ. ನಾನೂ ನೋಡಬೇಕು."

ಇಷ್ಟು ದಿನ ಆ ಕೆಂಪು ನೀರು ನನಗೆ ಒಂದು ಮಾತು ಉಳಿಸಿಕೊಳ್ಳುವ ಸಾಧನವಾಗಿತ್ತು. ಆ ಕ್ಷಣದಿಂದ ಅದರ ತೂಕವೇ ಬೇರೆಯಾಯಿತು. ಒಂದು ಜೀವ ತನ್ನ ಬಿಸಿಲನ್ನು ಬಿಟ್ಟುಕೊಟ್ಟು ಬರುವ ಜಾಗ ಅದು. ಆ ಜಾಗ ಹದವಾಗಿರಲೇಬೇಕು.

ಒಳಕೋಣೆಯ ಬಾಗಿಲು ಮುಚ್ಚಿ, ಫೋನಿನ ದೀಪಕ್ಕೆ ಒಂದೊಂದೇ ಮೊಟ್ಟೆಯನ್ನು ಹಿಡಿದು ನೋಡಿದೆವು. ಒಂದರೊಳಗೆ ಕೆಂಪು ನರಗಳ ಬಲೆ ಸ್ಪಷ್ಟವಾಗಿ ಹರಡಿತ್ತು, ನಡುವೆ ಒಂದು ಕಪ್ಪು ಚುಕ್ಕೆ ಮೆಲ್ಲನೆ ಹೊರಳಿತು. ಸುಜಾತಾ ಅದನ್ನು ಹತ್ತಿಯಲ್ಲಿ ಸುತ್ತಿ ನನ್ನ ಊಟದ ಡಬ್ಬಿಯಲ್ಲಿಟ್ಟಳು. ಅದನ್ನು ಶಾಲಿನ ಒಳಗೆ ಹೊಟ್ಟೆಗೊತ್ತಿ ಹಿಡಿದು ಮುದ್ದೇಬಿಹಾಳದ ಬಸ್ಸಿನಲ್ಲಿ ಕುಳಿತೆ. ಪಕ್ಕದ ಅಜ್ಜಿ, "ಬುತ್ತಿ ಆರತೈತೆನ್ರಿ?" ಎಂದು ಕೇಳಿದಳು. ಹೌದೆಂದೆ. ದಾರಿಯುದ್ದಕ್ಕೂ ಪ್ರತಿ ಗುಂಡಿಗೂ ನಾನು ಸೀಟಿನಿಂದ ಮೇಲೆದ್ದು ಕೂರುತ್ತಿದ್ದುದನ್ನು ನೋಡಿ ಆಕೆ ನನಗೆ ಏನೋ ಕಾಯಿಲೆಯೆಂದು ತಿಳಿದಿರಬೇಕು.

ಮೊಟ್ಟೆ ಒಡೆದಾಗ ಪಕ್ಕದಲ್ಲಿ ಭಾಗ್ಯಶ್ರೀ ಮಾತ್ರ ಇದ್ದಳು. ಹೃದಯ ಒಂದು ಸಜ್ಜೆಕಾಳಿನಷ್ಟು. ಬೇರ್ಪಡಿಸಿ ಕೆಂಪು ನೀರಿಗೆ ಬಿಟ್ಟ ಮೇಲೂ ಅದು ಪುಟುಪುಟು ಮಿಡಿಯುತ್ತಲೇ ಇತ್ತು. ಇದನ್ನು ಈಗ ನಾನು ಕತ್ತರಿಸಬೇಕು. ಕೈ ಒಂದು ಗಳಿಗೆ ನಿಂತಿತು. "ಮಾಡ್ರಿ ಮೇಡಂ, ನೀರ ಆರತೈತಿ," ಎಂದಳು ಹುಡುಗಿ ಮೆತ್ತಗೆ. ಸಣ್ಣ ಸಣ್ಣ ಚೂರು ಮಾಡಿ, ಕೋಶಗಳ ನಡುವಿನ ಅಂಟು ಬಿಡಿಸುವ ದ್ರವದಲ್ಲಿ ಅದ್ದಿ, ತೊಳೆದು, ತಟ್ಟೆಗೆ ಹಾಕಿ, ಜಾಡಿಯಲ್ಲಿ ಬತ್ತಿ ಹಚ್ಚಿ, ಮುಚ್ಚಳ ಬಿಗಿದು ಬಿಸಿಪೆಟ್ಟಿಗೆಗೆ ಸೇರಿಸಿದೆ. ಬಡಿತ ಎಂಬುದು ಈಗ ಎಲ್ಲೂ ಇರಲಿಲ್ಲ. ಮನೆಗೆ ಬಂದವಳು ಸರಿಯಾಗಿ ಉಣ್ಣಲಿಲ್ಲ. ಅತ್ತೆ, "ನಿನ್ನ ನೀರ ಹೆಂಗೈತಿ?" ಎಂದು ಕೇಳಿದರು. ಬೀಗರು ಹೋದ ಮೇಲೆ ಅದರ ಯೋಗಕ್ಷೇಮ ವಿಚಾರಿಸುವುದು ಅವರಿಗೆ ರೂಢಿಯಾಗಿತ್ತು.

ಮರುದಿನ ತರಗತಿಗೆ ತರಗತಿಯೇ ಪ್ರಯೋಗಾಲಯದಲ್ಲಿ ನೆರೆದಿತ್ತು. ತಟ್ಟೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಕಣ್ಣಿಟ್ಟೆ. ಕೋಶಗಳು ಗಾಜಿಗೆ ಅಂಟಿ, ಕೈಕಾಲು ಚಾಚಿ, ಸಣ್ಣ ಸಣ್ಣ ನಡುಗಡ್ಡೆಗಳಂತೆ ಗುಂಪುಗೂಡಿ ಹರಡಿದ್ದವು. ಬದುಕಿದ್ದವು, ಆದರೆ ಅಲುಗುತ್ತಿರಲಿಲ್ಲ. ತಟ್ಟೆ ಸರಿಸಿ ಇನ್ನೊಂದು ಮೂಲೆ ನೋಡಿದೆ. ಅಲ್ಲೂ ಅಷ್ಟೇ. ಒಬ್ಬೊಬ್ಬರಾಗಿ ವಿದ್ಯಾರ್ಥಿಗಳು ಬಂದು ನೋಡಿ, ನನಗೆ ನೋವಾಗದಿರಲೆಂದು "ಚಲೋ ಅದಾವ್ರಿ ಮೇಡಂ" ಎಂದು ಹೇಳಿ ಸರಿದರು. ಆ ಸೌಜನ್ಯಕ್ಕಿಂತ ಅವರು ನಕ್ಕಿದ್ದರೆ ಹಗುರಾಗುತ್ತಿತ್ತು. ಇಂಗಳೇಶ್ವರದ ಆ ಕಂದು ಕೋಳಿಯ ನೋಟ ನೆನಪಾಯಿತು.

"ಕಲರ್ ನೋಡ್ರಿ!"

ಬಾಗಿಲಲ್ಲಿ ಪಾಂಡುರಂಗ ಸರ್ ನಿಂತಿದ್ದರು. ಅಷ್ಟು ದೂರದಿಂದಲೇ ಅವರ ಕಣ್ಣಿಗೆ ಕಂಡದ್ದು ಹತ್ತಿರವಿದ್ದ ನನಗೆ ಕಂಡಿರಲಿಲ್ಲ. ಜಾಡಿಯಿಂದ ಹೊರಬಂದು ಇಷ್ಟು ಜನರ ನಡುವೆ ಬಯಲಿಗೆ ಕುಳಿತ ತಟ್ಟೆಯ ನೀರು ಮೆಲ್ಲಮೆಲ್ಲನೆ ನೇರಳೆಯತ್ತ ಹೊರಳುತ್ತಿತ್ತು. ಅನಿಲ ಹಾರಿಹೋಗುತ್ತಿತ್ತು, ಜೊತೆಗೆ ಚಳಿಗಾಲದ ಬೆಳಿಗ್ಗೆ ತಟ್ಟೆ ತಣ್ಣಗೂ ಆಗಿತ್ತು. ಸರ್ ತಮ್ಮ ಲ್ಯಾಬಿಗೆ ಹೋಗಿ, ಬಿಸಿನೀರಿನಲ್ಲಿ ಬೆಚ್ಚಗಿಟ್ಟಿದ್ದ ಒಂದು ಪುಟ್ಟ ಬಾಟಲಿ ತಂದರು. ತಂದವರೇ ಹೊಸ್ತಿಲಲ್ಲಿ ನಿಲ್ಲದೆ, ಕಪ್ಪೆಯ ಜಾಡಿಗಳ ನಡುವಿನಿಂದ ನೇರ ನನ್ನ ಮೇಜಿನವರೆಗೆ ನಡೆದು ಬಂದರು.

"ಇದು ಬ್ಯಾರೆ ಬಫರ್ ಹಾಕಿ ಮಾಡಿದ ನೀರು ರೀ. ಇದಕ್ಕ ಗಾಳಿ ಹಂಗಿಲ್ಲ, ಬಯಲಾಗಿಟ್ರೂ ಹದ ಬಿಡಂಗಿಲ್ಲ. ಹಳೇ ಶಿಷ್ಯನ ಕಡೆಯಿಂದ ತರಿಸಿದ್ದೆ. ನಿಮ್ಮ ಮೇಣಬತ್ತಿ ಮ್ಯಾಲೆ ನನಗ ಮೊದಲಿಂದ ಭರೋಸಾ ಇರ್ಲಿಲ್ಲ."

"ಮೊದಲ ಹೇಳಬಾರದೇನ್ರಿ?"

"ನೀವು ಕೇಳಿರ್ಲಿಲ್ಲ."

ಜಗಳವಾಡಲು ಸಮಯವಿರಲಿಲ್ಲ. ತಟ್ಟೆಯ ನೀರು ಹೀರಿ ತೆಗೆದು, ಸರ್ ತಂದ ಬೆಚ್ಚಗಿನ ದ್ರವವನ್ನು ಅಂಚಿನಿಂದ ಇಳಿಬಿಟ್ಟೆ. ಭಾಗ್ಯಶ್ರೀ ಮೇಜಿನ ದೀಪವನ್ನು ತಟ್ಟೆಯ ಹತ್ತಿರ ಬಾಗಿಸಿ ಹಿಡಿದಳು. ನೀರು ಮತ್ತೆ ದಾಳಿಂಬೆಯಾಯಿತು. ಕಣ್ಣಿಟ್ಟು ಕಾದೆ.

ಮೊದಲು ನನ್ನ ರೆಪ್ಪೆಯೇ ಅದುರಿತೆಂದುಕೊಂಡೆ. ರೆಪ್ಪೆಯಲ್ಲ. ಒಂದು ನಡುಗಡ್ಡೆ ಮಿಡುಕಿತು. ನಿಂತಿತು. ಮತ್ತೆ ಮಿಡುಕಿತು. ಆಮೇಲೆ ನಿಲ್ಲಲಿಲ್ಲ. ಅದರಾಚೆ ಇನ್ನೊಂದು, ಅದರ ಕೆಳಗೆ ಮತ್ತೊಂದು, ಪ್ರತಿಯೊಂದಕ್ಕೂ ತನ್ನದೇ ಲಯ, ಒಂದು ಅವಸರದ್ದು, ಒಂದು ಆರಾಮದ್ದು. ಇಷ್ಟು ವರ್ಷ ನಾನು ಬೋರ್ಡಿನ ಮೇಲೆ ಬಿಡಿಸಿದ ಚಿತ್ರ ಎಷ್ಟು ಸತ್ತದ್ದಾಗಿತ್ತೆಂದು ಆಗ ತಿಳಿಯಿತು. ಎದ್ದು ಕುರ್ಚಿ ಬಿಟ್ಟುಕೊಟ್ಟೆ. ಭಾಗ್ಯಶ್ರೀ ನೋಡಿದಳು, ಮತ್ತು ನಮ್ಮ ಕಾಲೇಜಿನ ಶಿಸ್ತಿನ ಇತಿಹಾಸದಲ್ಲಿ ಯಾರೂ ಹಾಕಿರದಂಥ ಒಂದು ಕೇಕೆ ಹಾಕಿದಳು.

ಸುಜಾತಾ ಮಧ್ಯಾಹ್ನದ ಬಸ್ಸಿಗೆ ಬಂದಳು. ಬಹಳ ಹೊತ್ತು ನೋಡಿದಳು. ಹುಡುಗರು ಸರದಿಯಲ್ಲಿ ಕಾಯುತ್ತಿದ್ದರೂ ಯಾರೂ ಅವಳನ್ನು ಅವಸರಪಡಿಸಲಿಲ್ಲ.

"ತಾನು ಕೋಳಿ ಆಗಂಗಿಲ್ಲ ಅಂತ ಇದಕ್ಕ ಗೊತ್ತಿಲ್ಲ ನೋಡು," ಎಂದಳು ಕೊನೆಗೆ, ಕಣ್ಣು ತೆಗೆಯದೆ. "ಎಷ್ಟ ಖುಷೀಲೆ ಮಾಡಾಕತ್ತೈತಿ ಕೆಲಸಾನ."

ಅವಳು ಎದ್ದು ಹೋಗುವಾಗ ನನ್ನ ಭುಜ ಒತ್ತಿ ಹೋದಳು. ಅದು ಕ್ಷಮೆಯೋ ಮೆಚ್ಚುಗೆಯೋ ಎಂದು ನಾನು ಬಿಡಿಸಿ ಕೇಳಲಿಲ್ಲ. ಹಳೆಯ ಸ್ನೇಹದಲ್ಲಿ ಕೆಲವನ್ನು ಹಾಗೆಯೇ ಇಟ್ಟುಕೊಳ್ಳಬಹುದು.

ಒಂದೆರಡು ದಿನ ಕಳೆದ ಮೇಲೆ ಇನ್ನೊಂದು ಸೋಜಿಗ ನಡೆಯಿತು. ಬೆಳೆಯುತ್ತ ಬೆಳೆಯುತ್ತ ಆ ನಡುಗಡ್ಡೆಗಳು ಒಂದಕ್ಕೊಂದು ಅಂಚು ತಾಗಿಸಿದವು. ತಾಗಿದ್ದೇ ತಡ, ಅವಸರದ್ದು ಅವಸರ ಬಿಟ್ಟು, ಆರಾಮದ್ದು ಆರಾಮ ಬಿಟ್ಟು, ಎರಡೂ ಒಂದೇ ತಾಳಕ್ಕೆ ಮಿಡಿಯತೊಡಗಿದವು. ಯಾರು ಯಾರಿಗೆ ಸೋತರೆಂದು ಎಷ್ಟು ನೋಡಿದರೂ ಗೊತ್ತಾಗಲಿಲ್ಲ. ಇದಕ್ಕೆ ಕಾರಣ ಕೋಶಗಳ ನಡುವಿನ ಸೂಕ್ಷ್ಮ ದ್ವಾರಗಳು ಎಂದು ನಾನೂ, ಅಲ್ಲ, ಆ ದ್ವಾರಗಳಲ್ಲಿ ಹರಿಯುವ ಅಯಾನುಗಳು ಎಂದು ಪಾಂಡುರಂಗ ಸರ್ ಅವರೂ ಮೊಗಸಾಲೆಯಲ್ಲಿ ಅರ್ಧ ತಾಸು ವಾದಿಸಿದೆವು. ನಮ್ಮ ತಾಳ ಮಾತ್ರ ಕೂಡಲಿಲ್ಲ.

ಆ ಭಾನುವಾರ ತಟ್ಟೆಗೆ ಹೊಸ ನೀರು ಹಾಕುವ ಸರದಿ ಇತ್ತು. ರಜೆಯ ದಿನ ಯಾರನ್ನು ಕೇಳುವುದೆಂದು ನಾನೇ ಬೆಳಗಿನ ಬಸ್ಸು ಹಿಡಿದು ಹೋದೆ. ಗೇಟಿನ ಬಳಿ ಒಂದು ಸ್ಕೂಟರ್ ನಿಂತಿತ್ತು. ನನ್ನ ಪ್ರಯೋಗಾಲಯದ ಬಾಗಿಲು ತೆರೆದಿತ್ತು. ಒಳಗೆ ಪಾಂಡುರಂಗ ಸರ್, ಅವರ ಪಕ್ಕದಲ್ಲಿ ಕುರ್ಚಿಯ ತುದಿಯಲ್ಲಿ ಇಳಕಲ್ ಸೀರೆ ಉಟ್ಟ ಒಬ್ಬ ಹೆಂಗಸು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬಾಗಿದ್ದರು. ನಾನು ಎಂದೂ ಕಂಡಿರದ ಅವರ ಹೆಂಡತಿ. ಸರ್ ಮರಾಠಿಯಲ್ಲಿ ಮೆಲ್ಲಗೆ "ಬಘ, ಬಘ" (ನೋಡು, ನೋಡು) ಎನ್ನುತ್ತಿದ್ದರು. ಆಕೆಯ ಬಲಗೈ, ತನಗೇ ತಿಳಿಯದಂತೆ, ಎದೆಯ ಮೇಲಿತ್ತು.

ನನ್ನ ಹೆಜ್ಜೆಯ ಸದ್ದಿಗೆ ಆಕೆ ತಲೆಯೆತ್ತಿದರು. ಪರಿಚಯ, ನಮಸ್ಕಾರ ಯಾವುದೂ ಆಗುವ ಮೊದಲೇ, ಮನೆಗೆ ಬಂದ ಎಳೆಯ ಮಗುವಿನ ತಾಯಿಯನ್ನು ಕೇಳುವ ಕಾಳಜಿಯಲ್ಲಿ ಕೇಳಿದರು:

"ಇದರ ಊಟಾ ಆಗೇದೇನ್ರಿ?"

ಸರ್ ಕೆಂಪು ನೀರು ತುಂಬಿದ ಗಾಜಿನ ಕೊಳವೆಯನ್ನು ಬೆಳಕಿಗೆ ಹಿಡಿದು, ಬಣ್ಣ ನೋಡಿ ತಲೆದೂಗಿ, ನನ್ನ ಪರವಾಗಿ ತಾವೇ ಹೇಳಿದರು:

"ಈಗ ಬಡಸ್ಲಿಕತ್ತೀನಿ."